ನಾರುಹುಣ್ಣು ಹೋದ ದಾರಿ



ಸಾಂಕ್ರಾಮಿಕ ರೋಗಗಳ ಬಗ್ಗೆ ನಾಲ್ಕು ಮಾತು ಹೇಳಿ ಎಂದಿದ್ದಾರೆ. ಕೊರೊನಾ ಬಗ್ಗೆ ನೀವೆಲ್ಲ ಸಾಕಾಗುವಷ್ಟು ಕೇಳಿದ್ದೀರಿ. ನಾನು ಈಗ ನಮ್ಮ ದೇಶದಲ್ಲಿ ಇಲ್ಲದ ಒಂದು ರೋಗದ ಬಗ್ಗೆ ಮಾತಾಡುತ್ತೇನೆ. ಅದು ನಾರುಹುಣ್ಣು. ಮರಾಠಿ ಮಾತಾಡುವ ಮನೆಗಳ ಹಿರಿಯರಿಗೆ ‘ನಾರೂ’ ಎಂದರೆ ತಿಳಿಯುತ್ತದೆ. ಮಕ್ಕಳಿಗೆ ಹೆಸರೂ ಗೊತ್ತಿಲ್ಲ, ಸಂತೋಷ.

ಕಾಲಿನಲ್ಲಿ ಬೊಬ್ಬೆ ಎದ್ದು ಒಡೆದು, ಬಿಳಿ ದಾರದಂಥ ಹುಳ ಹೊರಬರುತ್ತಿತ್ತು. ಎರಡು ಮೂರು ಅಡಿ ಉದ್ದ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಎಳೆಯಬೇಕು. ಅವಸರ ಮಾಡಿ ತುಂಡಾದರೆ ಕಾಲು ಬಾತು ಕೀವಾಗುತ್ತಿತ್ತು. ಬಿತ್ತನೆಯ ಹೊತ್ತಿಗೆ ದುಡಿಯುವ ಆಳು ಹೀಗೆ ವಾರಗಟ್ಟಲೆ ಮಲಗಿದರೆ ಏನಾಗುತ್ತದೆಂದು ರೈತರಿಗೆ ನಾನು ಹೇಳಬೇಕೇ?

ಮೂಲ ಮೆಟ್ಟಿಲು ಬಾವಿಯಲ್ಲಿತ್ತು. ಉರಿ ತಾಳದೆ ರೋಗಿ ನೀರಿಗೆ ಕಾಲಿಟ್ಟರೆ ಹುಳ ಸಾವಿರಾರು ಮರಿ ಬಿಡುತ್ತದೆ. ಅವು ಕಣ್ಣಿಗೆ ಕಾಣುವುದಿಲ್ಲ. ಚುಕ್ಕೆಯಷ್ಟಿರುವ ಸೈಕ್ಲಾಪ್ಸ್ ಎಂಬ ನೀರಿನ ಜೀವಿ ಅವನ್ನು ನುಂಗುತ್ತದೆ, ನಾವು ನೀರಿನೊಡನೆ ಅದನ್ನು ಕುಡಿಯುತ್ತೇವೆ. ಸುಮಾರು ಒಂದು ವರ್ಷಕ್ಕೆ ಮತ್ತೆ ಬೊಬ್ಬೆ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎಂಬ ಭರವಸೆಯೂ ಇರಲಿಲ್ಲ.

ಇದಕ್ಕೆ ಲಸಿಕೆ ಇಲ್ಲ, ಹುಳವನ್ನು ಕೊಲ್ಲುವ ಔಷಧಿಯೂ ಇಲ್ಲ. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೆಟ್ಟಿಲು ಮುಚ್ಚಿ ಸೇದುವ ಬಾವಿ ಮಾಡಿದರು, ಬೋರ್‌ವೆಲ್ ಹಾಕಿದರು, ಬಾವಿಗೆ ಟೆಮೆಫಾಸ್ ಬಿಟ್ಟರು. ಹೆಣ್ಣುಮಕ್ಕಳು ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸಿದರು. ನನ್ನ ಲೆಕ್ಕದಲ್ಲಿ ದೊಡ್ಡ ಕೆಲಸ ಅವರದೇ. ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ರೋಗಮುಕ್ತ ಎಂದು ಘೋಷಿಸಿತು.

ಆದರೆ ಒಂದು ಮಾತು. ಬಟ್ಟೆಯಲ್ಲಿ ಸೈಕ್ಲಾಪ್ಸ್ ನಿಲ್ಲುತ್ತದೆ, ಟೈಫಾಯ್ಡ್ ಬ್ಯಾಕ್ಟೀರಿಯಾ ನಿಲ್ಲುವುದಿಲ್ಲ. ಅದು ಅಷ್ಟು ಸಣ್ಣದು. ಕುದಿಸಬೇಕು, ಇಲ್ಲವೇ ಕ್ಲೋರಿನ್ ಹಾಕಬೇಕು. ಮಳೆಗಾಲದಲ್ಲಿ ಒಡೆದ ಪೈಪಿಗೆ ಚರಂಡಿ ನೀರು ಸೇರಿದರೆ ವಾಂತಿಭೇದಿ, ಕಾಮಾಲೆ ಬರುವುದೂ ಇದೇ ನೀರಿನ ದಾರಿಯಲ್ಲಿ. ಬ್ಲೀಚಿಂಗ್ ವಾಸನೆ ಬರುತ್ತದೆಂದು ನಲ್ಲಿ ನೀರು ಚೆಲ್ಲುವವರೂ ಇದ್ದಾರೆ. ಸ್ವಲ್ಪ ವಾಸನೆ ಇರಲಿ, ಮಾರಾಯರೇ!

ನಮ್ಮ ಬ್ಯಾಚಿನಿಂದ ಶಾಲೆಗೆ ಒಂದು ಕ್ಲೋರಿನ್ ಪರೀಕ್ಷೆಯ ಪೆಟ್ಟಿಗೆ ಕೊಡುತ್ತಿದ್ದೇವೆ. ವಿಜ್ಞಾನದ ಮೇಷ್ಟ್ರು ವಾರಕ್ಕೊಮ್ಮೆ ಮಕ್ಕಳಿಂದ ಓಣಿಯ ಕೊನೆಯ ನಲ್ಲಿಯ ನೀರು ಹಿಡಿಸಲಿ. ದ್ರಾವಣದ ಹನಿ ಬಿದ್ದಾಗ ನೀರು ಹಳದಿಯಾಗಬೇಕು. ಆಗದಿದ್ದರೆ ಅದೇ ದಿನ ಪಂಚಾಯಿತಿಗೆ ಹೋಗಿ ಕೇಳಿ.