ಗೋವನ್: ಅಳಿದ ಕ್ಷೇತ್ರ, ಉಳಿದ ಪಾಠ



ಈಗ ಅಸ್ತಿತ್ವದಲ್ಲಿಲ್ಲದ ಚುನಾವಣಾ ಕ್ಷೇತ್ರವೊಂದರ ಚರಿತ್ರೆಯನ್ನು ಇಂದು ನಾವು ಅವಲೋಕಿಸಲಿದ್ದೇವೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ಕ್ಲೈಡ್ ನದಿಯ ದಕ್ಷಿಣ ದಂಡೆಯಲ್ಲಿ ಗೋವನ್ ಎಂಬ ಪ್ರದೇಶವಿದೆ. ಬ್ರಿಟಿಷ್ ಪಾರ್ಲಿಮೆಂಟಿಗೆ ಪ್ರತಿನಿಧಿಯನ್ನು ಕಳುಹಿಸುವ ಕ್ಷೇತ್ರವಾಗಿ ಅದು 1885ರಲ್ಲಿ ಹುಟ್ಟಿ, 2005ರಲ್ಲಿ ಅಳಿಯಿತು. ಬ್ರಿಟನ್ನಿನ ಪ್ರಪ್ರಥಮ ಮುಸ್ಲಿಮ್ ಪಾರ್ಲಿಮೆಂಟ್ ಸದಸ್ಯರನ್ನು ಆರಿಸಿದ ಕ್ಷೇತ್ರವೂ ಇದೇ.

ಗೋವನ್ ಹಡಗು ಕಟ್ಟುವ ಕಾರ್ಮಿಕರ ಊರು. ಮೊದಲ ಮಹಾಯುದ್ಧದ ಕಾಲದಲ್ಲಿ ಕೆಲಸ ಅರಸಿ ಜನ ಬಂದಾಗ ಮನೆಮಾಲಕರು ಬಾಡಿಗೆ ಏರಿಸಿದರು. 1915ರಲ್ಲಿ ಮೇರಿ ಬಾರ್ಬರ್ ನೇತೃತ್ವದಲ್ಲಿ ಅಲ್ಲಿನ ಮಹಿಳೆಯರು ಹೆಚ್ಚಿಸಿದ ಬಾಡಿಗೆ ಕೊಡಲು ನಿರಾಕರಿಸಿದರು. ಅಂದು ಅವರಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತದಾನದ ಹಕ್ಕೂ ಇರಲಿಲ್ಲ. ಆದರೂ ಅದೇ ವರ್ಷ ಬಾಡಿಗೆ ನಿಯಂತ್ರಿಸುವ ಕಾನೂನನ್ನು ಸರಕಾರ ತರಬೇಕಾಯಿತು. 1918ರಲ್ಲಿ ಲೇಬರ್ ಪಕ್ಷದ ನೀಲ್ ಮ್ಯಾಕ್ಲೀನ್ ಇಲ್ಲಿಂದ ಗೆದ್ದು, 1950ರವರೆಗೆ ಪ್ರತಿನಿಧಿಯಾಗಿದ್ದರು.

ಹಾಗೆಂದು ಗೋವನ್ ಯಾವ ಪಕ್ಷದ ಸ್ವತ್ತೂ ಆಗಲಿಲ್ಲ. 1973ರ ಉಪಚುನಾವಣೆಯಲ್ಲಿ ಸ್ಕಾಟಿಷ್ ನ್ಯಾಶನಲ್ ಪಾರ್ಟಿಯ ಮಾರ್ಗೋ ಮ್ಯಾಕ್‌ಡೊನಾಲ್ಡ್ 571 ಮತಗಳ ಅಂತರದಿಂದ ಗೆದ್ದರು. ಮರುವರ್ಷ ಫೆಬ್ರವರಿಯಲ್ಲಿ ಸೋತರು. 1988ರ ಉಪಚುನಾವಣೆಯಲ್ಲಿ ಅವರ ಪತಿ ಜಿಮ್ ಸಿಲ್ಲರ್ಸ್, ಲೇಬರ್ ಪಕ್ಷಕ್ಕಿದ್ದ 19 ಸಾವಿರಕ್ಕೂ ಮೀರಿದ ಅಂತರವನ್ನು ಅಳಿಸಿ ಜಯಗಳಿಸಿದರು. 1992ರಲ್ಲಿ ಅವರನ್ನೂ ಮತದಾರರು ಮನೆಗೆ ಕಳುಹಿಸಿದರು.

1997ರಲ್ಲಿ ಲೇಬರ್ ಅಭ್ಯರ್ಥಿಯಾಗಿ ನಿಂತವರು ಮುಹಮ್ಮದ್ ಸರ್ವರ್. ಪಾಕಿಸ್ತಾನದಲ್ಲಿ ಹುಟ್ಟಿ, 1976ರಲ್ಲಿ ಸ್ಕಾಟ್ಲೆಂಡಿಗೆ ಬಂದ ವ್ಯಾಪಾರಿ. ಎದುರಾಳಿಯಾಗಿದ್ದವರು, ಮುಂದೆ 2014ರಲ್ಲಿ ಸ್ಕಾಟ್ಲೆಂಡಿನ ಫಸ್ಟ್ ಮಿನಿಸ್ಟರ್ ಆದ ನಿಕೋಲಾ ಸ್ಟರ್ಜನ್. ಸರ್ವರ್ 2,914 ಮತಗಳಿಂದ ಗೆದ್ದು, ಪವಿತ್ರ ಕುರ್‌ಆನಿನ ಮೇಲೆ ಪ್ರಮಾಣವಚನ ಸ್ವೀಕರಿಸಿದರು. ಆದರೆ ಸಂಭ್ರಮ ಬಹುಕಾಲ ಉಳಿಯಲಿಲ್ಲ. ಚುನಾವಣಾ ಅಕ್ರಮದ ಆರೋಪ ಬಂತು, ಪಕ್ಷ ಅವರನ್ನು ಅಮಾನತಿನಲ್ಲಿಟ್ಟಿತು. 1999ರಲ್ಲಿ ನ್ಯಾಯಾಲಯ ಅವರನ್ನು ದೋಷಮುಕ್ತಗೊಳಿಸಿತು. 2001ರಲ್ಲಿ ಮತದಾರರು ಪುನಃ ಅವರನ್ನೇ ಆರಿಸಿದರು. ಆ ಮತದಾರರಲ್ಲಿ ಮುಸ್ಲಿಮರು ಅಲ್ಪಸಂಖ್ಯಾತರೆಂಬುದನ್ನು ನಾವು ಮರೆಯಬಾರದು.

ನಿಜವಾದ ಪರೀಕ್ಷೆ ಬಂದದ್ದು 2004ರಲ್ಲಿ. ಈ ಕ್ಷೇತ್ರದ ಪೊಲಾಕ್‌ಶೀಲ್ಡ್ಸ್ ಬಡಾವಣೆಯಿಂದ ಹದಿನೈದು ವರ್ಷದ ಬಿಳಿಯ ಬಾಲಕನೊಬ್ಬನನ್ನು ಅಪಹರಿಸಿ ಅಮಾನುಷವಾಗಿ ಕೊಲ್ಲಲಾಯಿತು. ಕೊಂದವರು ಪಾಕಿಸ್ತಾನಿ ಮೂಲದ ಯುವಕರು. ಬಲಪಂಥೀಯ ಶಕ್ತಿಗಳು ಆ ಶೋಕವನ್ನು ದ್ವೇಷದ ಬಂಡವಾಳ ಮಾಡಿಕೊಳ್ಳಲು ಧಾವಿಸಿದವು. ಮೂವರು ಆರೋಪಿಗಳು ಪಾಕಿಸ್ತಾನಕ್ಕೆ ಪಲಾಯನ ಮಾಡಿದ್ದರು. ಉಭಯ ದೇಶಗಳ ನಡುವೆ ಹಸ್ತಾಂತರ ಒಪ್ಪಂದವೂ ಇರಲಿಲ್ಲ.

ಸರ್ವರ್ ಮೌನ ತಾಳಬಹುದಿತ್ತು. ‘ನಮ್ಮವರು’ ಎಂದು ಮುಖ ತಿರುಗಿಸಬಹುದಿತ್ತು. ಬದಲಾಗಿ ಅವರು ಪಾಕಿಸ್ತಾನದ ಅಧಿಕಾರಸ್ಥರೊಡನೆ ಮಾತುಕತೆ ನಡೆಸಿ, ಆ ಮೂವರನ್ನು ಮರಳಿ ತರಿಸುವಲ್ಲಿ ಮಹತ್ವದ ಪಾತ್ರ ವಹಿಸಿದರು. 2005ರಲ್ಲಿ ಅವರನ್ನು ಕರೆತರಲಾಯಿತು, 2006ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಕೊಲೆಯಾದ ಬಾಲಕನ ತಾಯಿಯೂ ತನ್ನ ಮತದಾರಳೇ ಎಂಬಂತೆ ನಡೆದುಕೊಂಡದ್ದು, ಸಮುದಾಯದ ಮೇಲೆ ಹೊರಿಸಲಾಗುತ್ತಿದ್ದ ಕಳಂಕಕ್ಕೆ ನೂರು ಹೇಳಿಕೆಗಳಿಗಿಂತ ಸಮರ್ಥ ಉತ್ತರವಾಯಿತು.

ಅಷ್ಟರಲ್ಲಿ ಕ್ಷೇತ್ರವೇ ಇಲ್ಲವಾಗಿತ್ತು. 1999ರಲ್ಲಿ ಸ್ಕಾಟ್ಲೆಂಡಿಗೆ ಸ್ವಂತ ಪಾರ್ಲಿಮೆಂಟ್ ಬಂದ ಕಾರಣ ಲಂಡನ್ನಿನಲ್ಲಿ ಅದರ ಸ್ಥಾನಗಳನ್ನು 72ರಿಂದ 59ಕ್ಕೆ ಇಳಿಸಲಾಯಿತು. 2005ರ ಚುನಾವಣೆಯ ವೇಳೆಗೆ ಗೋವನ್ ನೆರೆಯ ಕ್ಷೇತ್ರಗಳಲ್ಲಿ ಹಂಚಿಹೋಯಿತು. ಸರ್ವರ್ ಗ್ಲಾಸ್ಗೋ ಸೆಂಟ್ರಲ್‌ನಿಂದ ಗೆದ್ದು 2010ರಲ್ಲಿ ನಿವೃತ್ತರಾದರು.

ಮಾನ್ಯರೇ, ನಕಾಶೆಯ ಗೆರೆಗಳನ್ನು ಎಳೆಯುವವರು ಬೇರೆ, ಅಳಿಸುವವರು ಬೇರೆ. ಕ್ಷೇತ್ರ ಶಾಶ್ವತವಲ್ಲ, ಪದವಿಯೂ ಅಲ್ಲ. ಪ್ರತಿನಿಧಿಯೊಬ್ಬ ನಮ್ಮವನೇ ಎಂದು ಕೇಳುವುದು ಸುಲಭ. ಅವನು ನ್ಯಾಯದ ಕಡೆಯವನೇ ಎಂದು ಕೇಳಲು ಧೈರ್ಯ ಬೇಕು. ಅದನ್ನು ಕೇಳುವವರು ಮೊದಲು ನಾವಾಗೋಣ.