ಐದು ನಿಮಿಷದಲ್ಲಿ ಮಾತು ಮುಗಿಸುವುದು ಹೇಗೆ?

(ಬಳ್ಳಾರಿಯಲ್ಲಿ ಯುವ ಶರಣ–ಶರಣೆಯರ ಶಿಬಿರದಲ್ಲಿ ಮಾಡಿದ ಭಾಷಣ)



ಚಿಕ್ಕ ಭಾಷಣ ಸಿದ್ಧಪಡಿಸುವ ಬಗೆ ತಿಳಿಸಲು ನನ್ನನ್ನು ಕರೆದಿದ್ದೀರಿ. ನಾನು ವಾಗ್ಮಿಯಲ್ಲ, ಸರ್ಕಾರಿ ಎಂಜಿನಿಯರ್ ಆಗಿ ನಿವೃತ್ತನಾದವನು. ಆದರೆ ಉದ್ದ ಭಾಷಣ ಮಾಡಿ ತಪ್ಪಿತಸ್ಥನಾದ ಅನುಭವ ನನಗಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಕುರುಗೋಡು ಹತ್ತಿರದ ಒಂದು ಹಳ್ಳಿಯಲ್ಲಿ ಬಸವ ಜಯಂತಿ ಇತ್ತು. ನನಗೆ ಕೊಟ್ಟದ್ದು 10 ನಿಮಿಷ. ಜನ ಸುಮ್ಮನೆ ಕೂತದ್ದನ್ನು ಕಂಡು, ಮೆಚ್ಚಿದ್ದಾರೆ ಎಂದುಕೊಂಡು 40 ನಿಮಿಷ ಮಾತಾಡಿದೆ. ನಾನು ಮುಗಿಸುವಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಗಿ ಸಭೆ ಎದ್ದುಬಿಟ್ಟಿತು. ನನ್ನ ನಂತರ ಕೂಲಿ ಕೆಲಸದ ಒಬ್ಬ ತಾಯಿ ಮಾತಾಡಬೇಕಿತ್ತು. ಅದು ಅವರ ಮೊದಲ ಭಾಷಣ. ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಂಡು ಬಂದಿದ್ದರು. ಹಾಳೆಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡು, "ಇರಲಿ ಬಿಡ್ರೀ, ನೀವು ಚಲೋ ಹೇಳಿದ್ರಿ" ಎಂದು ಹೊರಟರು. ಅಂದು ನನ್ನ ವಿಷಯ ಏನು ಗೊತ್ತೆ? ಅನುಭವ ಮಂಟಪದಲ್ಲಿ ಹೆಣ್ಣುಮಕ್ಕಳಿಗೂ ಮಾತಿನ ಹಕ್ಕಿತ್ತು ಎಂಬುದು!

ಸೇವೆಯಲ್ಲಿದ್ದಾಗ ಸಿರುಗುಪ್ಪ ಭಾಗದ ಭತ್ತದ ಗದ್ದೆಗಳನ್ನೂ ತುಂಗಭದ್ರೆಯ ಕಾಲುವೆಗಳನ್ನೂ ನೋಡಿದ್ದೇನೆ. ಮೇಲಿನ ರೈತ ತೂಬು ಮುಚ್ಚದಿದ್ದರೆ ಕೊನೆಯ ಭಾಗದವನಿಗೆ ನೀರು ಮುಟ್ಟುವುದಿಲ್ಲ. ಮೇಲಿನವನು ತಾನು ಕದ್ದೆ ಎಂದುಕೊಳ್ಳುವುದಿಲ್ಲ, ನನ್ನ ಗದ್ದೆಗೆ ಹಾಯಿಸಿದೆ ಎನ್ನುತ್ತಾನೆ. ಸಭೆಯ ಸಮಯವೂ ಹೀಗೆಯೇ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಮರಳಿ ಕೊಟ್ಟು ಬನ್ನಿ ಎಂದವರು ಲಕ್ಕಮ್ಮನವರು. ನಾವು ಹೆಚ್ಚಾಗಿ ಬಳಸುವ ನಿಮಿಷಗಳೂ ಇನ್ನೊಬ್ಬರ ಅಕ್ಕಿಯೇ.

ಇನ್ನು ಸಿದ್ಧತೆಯ ಮಾತು.

ಮೊದಲನೆಯದು, ಕೇಳುವವರು ಮನೆಗೆ ಒಯ್ಯಬೇಕಾದ ಒಂದೇ ವಾಕ್ಯ ಬರೆಯಿರಿ. 'ಬಸವಣ್ಣನವರ ಜೀವನ ಮತ್ತು ಸಂದೇಶ' ಎಂಬುದು ವಾಕ್ಯವಲ್ಲ, ಒಂದು ಗ್ರಂಥಕ್ಕಾಗುವಷ್ಟು ವಿಷಯ. 'ಸಾಲ ಮಾಡಿ ಮದುವೆ ಮಾಡುವುದು ಬೇಡ' ಎಂಬುದು ವಾಕ್ಯ.

ಎರಡನೆಯದು, ಆ ವಾಕ್ಯಕ್ಕೆ ಮೂರು ಕಂಬ ನಿಲ್ಲಿಸಿ: ಕಣ್ಣಾರೆ ಕಂಡ ಸಂಗತಿ, ಶರಣರ ನಡೆ, ನಾಳೆ ನಾವು ಮಾಡಬೇಕಾದ ಕೆಲಸ. ಮಗಳ ಮದುವೆಗೆ ಗದ್ದೆ ಅಡವಿಟ್ಟ ಒಂದು ಮನೆಯ ಕಥೆಯನ್ನು ಹೆಸರೆತ್ತದೆ ಹೇಳಿ. ಆಡಂಬರ ಬಿಟ್ಟು ಕಾಯಕ, ದಾಸೋಹಗಳನ್ನು ಹಿಡಿದ ಶರಣರನ್ನು ನೆನೆಯಿರಿ. ಅದಕ್ಕೆ ಒಂದೇ ವಚನ ಸಾಕು. ನಮ್ಮ ಮನೆಯ ಮುಂದಿನ ಮದುವೆ ಸಾಮೂಹಿಕ ಕಲ್ಯಾಣದಲ್ಲಿ ಆಗಲಿ ಎಂದು ಕೇಳಿಕೊಳ್ಳಿ. ನಾಲ್ಕನೆಯ ವಿಷಯ ನೆನಪಾದರೆ ಅದನ್ನು ಮುಂದಿನ ಸಭೆಗೆ ಇಟ್ಟುಕೊಳ್ಳಿ.

ಮೂರನೆಯದು, ಎಸ್ಟಿಮೇಟ್. ಅದಿಲ್ಲದೆ ಎಂಜಿನಿಯರ್ ಕೆಲಸ ಹಿಡಿಯುವುದಿಲ್ಲ. ಗಡಿಯಾರ ಇಟ್ಟುಕೊಂಡು ಓದಿ ನೋಡಿದ್ದೇನೆ, ನನ್ನ ವೇಗ ನಿಮಿಷಕ್ಕೆ ಸುಮಾರು 90 ಪದ. ಐದು ನಿಮಿಷಕ್ಕೆ 450 ಆಯಿತು. ನಿಮ್ಮ ವೇಗವನ್ನು ನೀವೇ ಅಳೆಯಿರಿ. ಪೀಠಿಕೆಗೆ ಅರ್ಧ ನಿಮಿಷ, ಮೂರು ಕಂಬಗಳಿಗೆ ನಾಲ್ಕು ನಿಮಿಷ, ಮುಕ್ತಾಯಕ್ಕೆ ಅರ್ಧ ನಿಮಿಷ. ವೇದಿಕೆಯ ಮೇಲಿನವರ ಹೆಸರುಗಳನ್ನು ನಿರೂಪಕರು ಹೇಳಿಯೇ ಇರುತ್ತಾರೆ. ನಾವು ಎಲ್ಲರಿಗೂ ಸೇರಿಸಿ ಒಂದು ಶರಣಾರ್ಥಿ ಹೇಳಿದರೆ ಸಾಕು.

ನಾಲ್ಕನೆಯದು, ಮುಕ್ತಾಯದ ವಾಕ್ಯವನ್ನು ಮೊದಲೇ ಬರೆದು ಬಾಯಿಪಾಠ ಮಾಡಿ. ವಚನವನ್ನೇ ನೋಡಿ. ಬಸವಣ್ಣನವರ ಮಾತು ಕೂಡಲಸಂಗಮದೇವನಲ್ಲಿ, ಅಕ್ಕನ ಮಾತು ಚೆನ್ನಮಲ್ಲಿಕಾರ್ಜುನನಲ್ಲಿ ನಿಲ್ಲುತ್ತದೆ. ಅಂಕಿತ ಬಂತೆಂದರೆ ಮುಗಿಯಿತೆಂದು ಓದು ಬಾರದವರಿಗೂ ಗೊತ್ತು. ನಮ್ಮ ಭಾಷಣಕ್ಕೆ ಅಂಕಿತವಿಲ್ಲ. ಅದಕ್ಕೇ 'ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ' ಎಂದು ಮೂರು ಸಲ ಹೇಳುತ್ತೇವೆ.

ಚೀಟಿಯಲ್ಲಿ ಇಷ್ಟೇ ಇರಲಿ: ಮೊದಲ ವಾಕ್ಯ, ಮೂರು ಪದ, ಕೊನೆಯ ವಾಕ್ಯ. ಮನೆಯಲ್ಲಿ ಒಬ್ಬರ ಮುಂದೆ ಒಮ್ಮೆ ಹೇಳಿ ನೋಡಿ. ಅವರಿಗೆ ಬೇಸರವಾದ ಕಡೆ ಕತ್ತರಿ ಹಾಕಿ.

ಆ ತಾಯಿಯ ಹಾಳೆಯಲ್ಲಿ ಏನಿತ್ತೋ, ನನಗೆ ಇಂದಿಗೂ ತಿಳಿಯದು. ತಿಳಿಯುವ ಅವಕಾಶವನ್ನು ನಾನೇ ಕಳೆದೆ. ಇಂದು ನನ್ನ ನಂತರ ಮೂವರು ಮಾತಾಡುವವರಿದ್ದಾರೆ. ಅವರ ಅಕ್ಕಿ ಅವರಿಗೇ ಸಲ್ಲಲಿ.