ನಾಲ್ಕು ರೂಪಾಯಿಯ ಷೇರು



ಸಹೋದ್ಯೋಗಿಗಳಾಗಿದ್ದ ಹಿರಿಯರೊಬ್ಬರು, ನಿವೃತ್ತಿಯಲ್ಲಿ ಕೈಗೆ ಬಂದ ಗ್ರಾಚ್ಯುಟಿಯ ಅರ್ಧವನ್ನು ಸಣ್ಣ ಕಂಪನಿಯೊಂದರ ಷೇರಿನಲ್ಲಿ ತೊಡಗಿಸುವುದಾಗಿ ಹೇಳಿದರು. ಕಂಪನಿ ಮೂರು ವರ್ಷಗಳಿಂದ ನಷ್ಟದಲ್ಲಿದೆ. "90 ರೂಪಾಯಿ ಇದ್ದದ್ದು 4ಕ್ಕೆ ಬಂದಿದೆ, ಇನ್ನೆಷ್ಟು ಇಳಿದೀತು?" ಎಂಬುದು ಅವರ ವಾದ. ನಾಲ್ಕು ಎರಡಾದರೂ ಅರ್ಧ ಗಂಟು ಹೋದಂತೆಯೇ ಎಂಬುದು ಅವರಿಗೆ ಹೊಳೆದಿರಲಿಲ್ಲ.

ನಷ್ಟವೆಂದ ಮಾತ್ರಕ್ಕೆ ಬೆದರಬೇಕಿಲ್ಲ. ಅಡಿಕೆ ಸಸಿ ನೆಟ್ಟವನೂ ಐದಾರು ವರ್ಷ ಫಸಲು ಕಾಣುವುದಿಲ್ಲ. ಅಲ್ಲಿಯವರೆಗೆ ಎರೆಯಲು ಬಾವಿಯಲ್ಲಿ ನೀರಿದೆಯೆ ಎಂಬುದೇ ಪ್ರಶ್ನೆ. ಕಂಪನಿಗೆ ಆ ನೀರೆಂದರೆ ನಗದು. 12 ಕೋಟಿ ನಗದಿದ್ದು ತಿಂಗಳಿಗೆ 1 ಕೋಟಿ ಸವೆಯುತ್ತಿದ್ದರೆ ಅದರ ಆಯುಸ್ಸು ಒಂದು ವರ್ಷ. ಈಗಲೇ ತೀರಿಸಬೇಕಾದ ಸಾಲ 6 ಕೋಟಿಯಿದ್ದರೆ ಆರೇ ತಿಂಗಳು. ಆಮೇಲೆ ಹೊಸ ಷೇರು ಹೊರಡಿಸಬೇಕಾದೀತು. ಒಂದು ಕೋಟಿ ಷೇರು ಎರಡು ಕೋಟಿಯಾದರೆ, ಹೊಸದನ್ನು ಕೊಳ್ಳದ ಹಳಬರ ಪಾಲು ಅರ್ಧಕ್ಕಿಳಿಯಿತು.

ವಾರ್ಷಿಕ ವರದಿಯನ್ನು ನಾನು ಹಳೆಯ ಗ್ರಂಥದಂತೆ ಓದುತ್ತೇನೆ: ಮುನ್ನುಡಿಯ ಹೊಗಳಿಕೆಯನ್ನು ದಾಟಿ ಟಿಪ್ಪಣಿಗಳಿಗೆ ಹೋಗುತ್ತೇನೆ. ಲೆಕ್ಕ ಪರಿಶೋಧಕರ ಸಂದೇಹಗಳು ಅಲ್ಲಿರುತ್ತವೆ. ಪ್ರವರ್ತಕರು ತಮ್ಮ ಷೇರುಗಳನ್ನು ಒತ್ತೆಯಿಟ್ಟಿದ್ದಾರೆಯೆ ಎಂಬುದನ್ನೂ ವಿಚಾರಿಸಬೇಕು.

2005ರಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಷರ್ ವಿಮಾನ ಸಂಸ್ಥೆಯನ್ನು ನೆನೆಯಿರಿ. ಸಂಸ್ಥೆ ದೊಡ್ಡದು, ಪಾಠ ಸಣ್ಣವರಿಗೂ ಸಲ್ಲುವಂಥದು. ವೈಭವಕ್ಕೆ ಕೊರತೆಯಿರಲಿಲ್ಲ, ಲಾಭವನ್ನು ಮಾತ್ರ ಯಾವ ವರ್ಷವೂ ಕಾಣಲಿಲ್ಲ. ಹೊಸ ಬಂಡವಾಳ ಬಂದರಷ್ಟೇ ಅದು ಮುಂದುವರಿದೀತೆಂಬ ಅರ್ಥದ ಎಚ್ಚರಿಕೆಯನ್ನು 2011ರಲ್ಲೇ ಪರಿಶೋಧಕರು ದಾಖಲಿಸಿದ್ದರು. 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲಕ್ಕಿಳಿದವು. ಆ ಎರಡು ಸಾಲನ್ನು ಓದಿದವರೆಷ್ಟು ಮಂದಿ?

ಕಂಪನಿ ಮುಳುಗಿದರೆ ಉಳಿದುದರ ಹಂಚಿಕೆಗೆ ಸಾಲಿದೆ. 2016ರ ದಿವಾಳಿ ಸಂಹಿತೆಯ ಪ್ರಕಾರ ಸಾಲ ಕೊಟ್ಟವರು, ಕೆಲಸಗಾರರು, ಸರಕಾರ ಎಲ್ಲರೂ ಮುಂದೆ. ಸಾಮಾನ್ಯ ಷೇರುದಾರ ಕಟ್ಟಕಡೆಗೆ. ಪಂಕ್ತಿಯ ತುದಿಗೆ ಬಡಿಸುವ ಹೊತ್ತಿಗೆ ಪಾತ್ರೆ ಬರಿದಾಗಿರುತ್ತದೆ. ಅದಕ್ಕೂ ಮೊದಲೇ ಮಾರಿಬಿಡೋಣವೆಂದರೆ, ಸಣ್ಣ ಷೇರಿಗೆ ಕೆಟ್ಟ ದಿನಗಳಲ್ಲಿ ಕೊಳ್ಳುವವರೇ ಸಿಗುವುದಿಲ್ಲ.

ನನ್ನ ಮಿತ್ರರು ವರದಿಯನ್ನು ತರಿಸಿ, ಕನ್ನಡಕ ಒರೆಸಿಕೊಂಡು ಎರಡು ದಿನ ಓದಿದರು. ಆಸೆಯನ್ನು ಪೂರ್ತಿ ಬಿಡಲಿಲ್ಲ. ಆದರೆ ಹೋದರೂ ಮನೆಯ ಒಲೆ ಆರದಷ್ಟನ್ನು ಮಾತ್ರ ಹೂಡಿದರು. ಮಿಕ್ಕ ಹಣ ಬ್ಯಾಂಕಿನಲ್ಲಿದೆ. ಬೆಲೆ ಕಡಮೆಯಾದದ್ದೆಲ್ಲ ಅಗ್ಗವಲ್ಲವೆಂಬುದು ತರಕಾರಿ ಸಂತೆಯಲ್ಲಿ ನಮಗೆಲ್ಲ ತಿಳಿದ ಮಾತೇ. ಷೇರುಪೇಟೆಯಲ್ಲಿ ಏಕೋ ಮರೆಯುತ್ತೇವೆ.